ಒಳಮನೆಯ ಕ್ಯಾಸೆಟ್ಟು

ಫರ್ಹತ್ ಮಂಚದಡಿಯ ಟ್ರಂಕಿನ ಹಿಡಿಗೆ ಎರಡೂ ಕೈ ಹಾಕಿ, ಕಾಲೂರಿ ಜಗ್ಗಿದಳು. ಯಾವಾಗಲೂ ಹಾಕುವಷ್ಟೇ ಬಲ ಹಾಕಿದ್ದಳು. ಆದರೆ ಟ್ರಂಕು ಸರ್ರನೆ ಜಾರಿ ಬಂದು ಅವಳ ಮೊಣಕಾಲಿಗೆ ಬಡಿಯಿತು. ಇದು ಇಷ್ಟು ಹಗುರ ಹೇಗಾಯಿತು?

ಹಿತ್ತಲಲ್ಲಿ ಸುತ್ತಲೂ ಸೀರೆಯ ಮರೆ ಕಟ್ಟಿ, ಅವಳ ಅತ್ತೆ ಹಲೀಮಾ ಬೀಗೆ ಹೆಂಗಸರು ಕೊನೆಯ ಸ್ನಾನ ಮಾಡಿಸುತ್ತಿದ್ದರು. ಬೋರೆ ಎಲೆ ಹಾಕಿ ಕಾಯಿಸಿದ ನೀರಿನ ವಾಸನೆ ಮನೆಯೆಲ್ಲ ಹರಡಿತ್ತು. "ಫರ್ಹತ್, ಕಫನ್ ತಗೊಂಡು ಬಾರಮ್ಮಾ" ಎಂದು ಮರೆಯ ಆಚೆಯಿಂದ ಯಾರೋ ಕೂಗಿದರು. ಹೊದಿಸುವ ಆ ಬಿಳಿ ಬಟ್ಟೆಯನ್ನು ಹಲೀಮಾ ಬೀ ಉಮ್ರಾ ಯಾತ್ರೆಗೆ ಹೋದಾಗ ತಾನೇ ತಂದು, ಕರ್ಪೂರ ಇಟ್ಟು, ಈ ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಮಡಚಿಟ್ಟಿದ್ದಳು. ತಾನು ಸತ್ತ ದಿನ ಸೊಸೆ ಹುಡುಕಾಡಬಾರದು ಎನ್ನುವ ಮುಂದಾಲೋಚನೆ.

ಬಟ್ಟೆ ಇದ್ದಲ್ಲೇ ಇತ್ತು. ಅದರ ಕೆಳಗೆ ಇರಬೇಕಾಗಿದ್ದ ವಿಡಿಯೋ ಕ್ಯಾಸೆಟ್ಟುಗಳು ಮಾತ್ರ ಒಂದೂ ಇರಲಿಲ್ಲ. ತಳಕ್ಕೆ ಹಾಸಿದ್ದ ಹಳೇ ಪೇಪರಿನ ಮೇಲೆ ಅವು ವರ್ಷಾನುಗಟ್ಟಲೆ ಕೂತು ಬಿಟ್ಟ ಗುರುತು ಉಳಿದಿತ್ತು, ಅಷ್ಟೇ.

ಕಫನ್ ಕೊಟ್ಟು ಬಂದವಳೇ ಗಂಡನನ್ನು ಅಡುಗೆಮನೆಯ ಬಾಗಿಲಿಗೆ ಕರೆಸಿದಳು. ಬೋರ್‌ವೆಲ್ ಮೋಟರ್ ರಿಪೇರಿ ಮಾಡುವ ಇಫ್ತಿಕಾರ್ ಗಟ್ಟಿ ಆಳು. ಇವತ್ತು ಅತ್ತೂ ಅತ್ತೂ ಮುಖ ಊದಿಕೊಂಡಿತ್ತು.

"ಟ್ರಂಕಿನಾಗಿನ ಕ್ಯಾಸೆಟ್ ಏನಾದ್ವು?"

"ಈಗ ಕೇಳೋ ಮಾತಾ ಅದು?"

"ಈಗ್ಲೇ ಕೇಳ್ಬೇಕು. ಎಲ್ಲಿದಾವೆ ಹೇಳ್ರಿ."

"ಲೋಹಿತನ ಸ್ಟುಡಿಯೋದಾಗೆ. ಪೆನ್‌ಡ್ರೈವಿಗೆ ಹಾಕು ಅಂತ ಕೊಟ್ಟಿದ್ದೆ. ಅಮ್ಮಿ ಆಸ್ಪತ್ರೆಯಿಂದ ಬಂದ್ಮೇಲೆ ಟಿವಿಯಾಗೆ ಹಾಕಿ ತೋರ್ಸೋಣ, ಖುಷಿ ಪಡ್ತಾಳೆ ಅಂತ. ನೀನು ದುರ್ಗದಾಗೆ ಅವಳ ಜೊತೆಗಿದ್ದೆ. ಬೂಷ್ಟು ಹಿಡಿದು ಹಾಳಾಗ್ತಿದ್ವು ಫರ್ಹತ್. ಇನ್ನೊಂದು ಮಳೆಗಾಲ ಬಿಟ್ಟಿದ್ರೆ ಏನೂ ಉಳೀತಿರ್ಲಿಲ್ಲ."

"ಗಂಡಸರ ಕೈಗೆ ಕೊಟ್ರಾ?"

"ಅವ್ನು ನೋಡಲ್ಲ. ಕಂಪ್ಯೂಟರ್ ತಾನೇ ಮಾಡ್ಕೊಳ್ತೈತೆ. ಅವ್ನು ಬರೀ ಹಾಕೋದು, ತೆಗೆಯೋದು."

ಗಂಡಸರು ಇಂಥ ಮಾತನ್ನು ಎಷ್ಟು ಸಲೀಸಾಗಿ ನಂಬಿಬಿಡುತ್ತಾರೆ! ಅವಳ ಮುಖ ನೋಡಿ ಇಫ್ತಿಕಾರ್ ಅಲ್ಲೇ ಲೋಹಿತನಿಗೆ ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. "ಮಣ್ಣು ಮಾಡಿ ಬಂದ್ಮೇಲೆ ನಾನೇ ಹೋಗಿ ತರ್ತೀನಿ, ಆಯ್ತಾ? ಅಲ್ಲೀಗಂಟ ಸುಮ್ನಿರು" ಎಂದು ಕಣ್ಣೊರೆಸಿಕೊಳ್ಳುತ್ತ ಹೊರಟುಹೋದ. ಅವನ ಮೇಲೆ ಸಿಟ್ಟು ಮಾಡಲೂ ಅವಳಿಂದ ಆಗಲಿಲ್ಲ. ತಾಯಿಯ ಮೇಲಿನ ಪ್ರೀತಿಗೇ ಮಾಡಿದ್ದ.

* * *

ಹಲೀಮಾ ಬೀ ಕ್ಯಾಮೆರಾ ಹಿಡಿದದ್ದು ಆಸೆಯಿಂದಲ್ಲ, ಗಂಡನ ಕಾಟಕ್ಕೆ. ಚಳ್ಳಕೆರೆ ಪೇಟೆಯಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿಕೊಂಡಿದ್ದ ಆತ ತೊಂಬತ್ತರ ದಶಕದಲ್ಲಿ ಎಲ್ಲಿಂದಲೋ ಒಂದು ಹಳೇ ವಿಡಿಯೋ ಕ್ಯಾಮೆರಾ ತಂದು ಮದುವೆಗಳ ಶೂಟಿಂಗ್ ಶುರುಮಾಡಿದ. ಗಂಡಸರ ಕಡೆಗೇನೋ ಸರಿ. ಹೆಂಗಸರ ಕಡೆ ಅವನನ್ನು ಬಿಟ್ಟುಕೊಳ್ಳುವವರು ಯಾರು? ಅರ್ಧ ಮದುವೆ ಬಿಟ್ಟುಹೋಗುತ್ತದೆಂದು ಗಿರಾಕಿಗಳು ಗೊಣಗಿದರು. ಆಗ ಹೆಂಡತಿಯ ಹೆಗಲಿಗೆ ಕ್ಯಾಮೆರಾ ಏರಿಸಿದ. ನೀರಿನ ಕೊಡ ಹೊತ್ತ ಹೆಗಲಿಗೆ ಅದೇನೂ ಮಹಾ ಭಾರವಾಗಲಿಲ್ಲ.

ಬಾಗಿಲು ಹಾಕಿದ ಮೇಲೆ ಹೆಂಗಸರು ಬೇರೆಯೇ ಜನ ಆಗುತ್ತಾರೆ. ತಲೆಯ ಮೇಲಿನ ಸೆರಗು ಜಾರುತ್ತದೆ, ಢೋಲಕ್ ಮೇಲೆ ಕೈ ಬೀಳುತ್ತದೆ, ಊರಿನ ದೊಡ್ಡ ಮನುಷ್ಯರನ್ನೆಲ್ಲ ಅಣಕಿಸಿ ನಕ್ಕು ಹೊಟ್ಟೆ ಹಗುರ ಮಾಡಿಕೊಳ್ಳುತ್ತಾರೆ. ಹಲೀಮಾ ಬೀ ಅದನ್ನೆಲ್ಲ ತೆಗೆದಳು. ತೆಗೆದದ್ದನ್ನು ಮಾತ್ರ ಯಾರ ಮನೆಯಲ್ಲೂ ಬಿಡುತ್ತಿರಲಿಲ್ಲ. ಮದುವೆಯ ಗದ್ದಲ ಮುಗಿದ ಮೇಲೆ ಒಂದು ಮಧ್ಯಾಹ್ನ ವಿಸಿಆರನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಆಟೋದಲ್ಲಿ ಬರುವಳು. ಬಾಗಿಲು ಹಾಕಿಸಿ, ಹೆಂಗಸರಿಗೆಲ್ಲ ತೋರಿಸಿ, ಕ್ಯಾಸೆಟ್ಟನ್ನು ತಿರುಗಿ ತನ್ನ ಚೀಲಕ್ಕೆ ಹಾಕಿಕೊಂಡು ಹೊರಡುವಳು.

"ಕ್ಯಾಸೆಟ್ಟಿಗೆ ಕಾಲಿಲ್ಲ. ನಿಮ್ಮ ಮನೆ ಗಂಡಸರಿಗೆ ಕೈ ಐತಲ್ಲ! ನನ್ನ ಹತ್ರಾನೇ ಇರ್ಲಿ. ಅಮಾನತ್ತು" ಎನ್ನುವಳು. ನಂಬಿ ಒಪ್ಪಿಸಿದ ವಸ್ತು ಎಂದು ಅದರ ಅರ್ಥ. ಹಾಗೆ ಒಪ್ಪಿಸಿದ್ದನ್ನು ಕಳೆದವರಿಗೆ ಆ ಲೋಕದಲ್ಲೂ ಲೆಕ್ಕ ತಪ್ಪುವುದಿಲ್ಲ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

ಕ್ಯಾಸೆಟ್ಟಿನ ಮೇಲೆ ಹೆಸರು ಬರೆಯುತ್ತಿರಲಿಲ್ಲ. ಯಾರಾದರೂ ಓದಿಬಿಟ್ಟರೆ? ಆಯಾ ಮನೆಯಿಂದ ಒಂದು ದಾರದ ಎಳೆ ಕೇಳಿ ತಂದು ಕಟ್ಟುವಳು. ಕ್ಯಾಸೆಟ್ಟಿನಲ್ಲಿ ಜಾಗ ಉಳಿದರೆ ಬಿಸಾಡುವ ಪೈಕಿಯಲ್ಲ, ಮುಂದಿನ ಮನೆಯದನ್ನು ಅದಕ್ಕೇ ತುಂಬಿ, ಇನ್ನೊಂದು ದಾರ ಸೇರಿಸುವಳು. ಮೊಳಕಾಲ್ಮೂರಿನ ನೇಕಾರರ ಮನೆಗಳಿಂದಲೂ ಸೀಮಂತಕ್ಕೆ, ಆರತಿಗೆ ಕರೆ ಬರುತ್ತಿತ್ತು. ಹಾಗಾಗಿ ಒಂದು ಕ್ಯಾಸೆಟ್ಟಿಗೆ ಅಲ್ಲಿಯ ಕೆಂಪು ರೇಷ್ಮೆ ಎಳೆಯೂ ಚಳ್ಳಕೆರೆಯ ಹಸಿರು ಜರಿ ದಾರವೂ ಜೊತೆಯಲ್ಲೇ ಬಿದ್ದವು.

* * *

ಹಲೀಮಾ ಬೀಯನ್ನು ನಡುಮನೆಯಲ್ಲಿ ಮಲಗಿಸಿದ್ದರು. ಲೋಬಾನದ ಹೊಗೆ ಸೂರಿಗೆ ಏರುತ್ತಿತ್ತು. ಹೊರಗಿನ ಗಂಡಸರ ಕಣ್ಣಿಗೆ ಮುಖ ಬೀಳದಂತೆ ಬಾಗಿಲಿಗೆ ದಪ್ಪ ಪರದೆ ಇಳಿಬಿಟ್ಟಿದ್ದರು. ಬಂದ ಹೆಂಗಸರು ಮುಖ ನೋಡಿ, ಅತ್ತು, ಗೋಡೆಗೆ ಒರಗಿ ಕೂರುತ್ತಿದ್ದರು. ಶಮಾ ಮಾತ್ರ ಅಳಲಿಲ್ಲ. ನೇರ ಬಂದು ಫರ್ಹತಳ ಪಕ್ಕ ಕೂತು ಅವಳ ಮುಂಗೈ ಹಿಡಿದುಕೊಂಡಳು.

ಶಮಾ ಬಾಬಾ ಜಾನ್ ಸಾಹೇಬರ ಸೊಸೆ. ಸಾಹೇಬರಿಗೆ ಪೇಟೆಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಎರಡು ಮನೆಗೆ ಜಗಳ ಬಿದ್ದರೆ ಇಬ್ಬರೂ ಅವರ ಮಾತು ಕೇಳುತ್ತಾರೆ. ಚಿಕ್ಕಂದಿನಲ್ಲಿ ಲಾರಿಯಿಂದ ಬಿದ್ದು ಎಡಗಾಲು ಕುಂಟು. ಇವತ್ತೂ ಯಾರ ಆಸರೆಯೂ ಬೇಡವೆಂದು ಆ ಕಾಲಿನಲ್ಲೇ ನಡೆದು ಬಂದು ಹೊರಗೆ ಶಾಮಿಯಾನದಡಿ ಕೂತಿದ್ದರು.

"ಫರ್ಹತ್, ನನ್ನ ಅಮಾನತ್ತು ಜೋಪಾನ ಐತಾ?"

"ಯಾಕೆ ಆಪಾ, ಈಗ..."

"ಈಗ ಕೇಳ್ದೆ ಇನ್ಯಾವಾಗ? ಹಲೀಮಾ ಆಪಾ ಇರೋತನ್ಕ ನಾನು ಒಂದು ದಿನಾನೂ ಕೇಳ್ದೋಳಲ್ಲ." ಶಮಾ ದನಿ ತಗ್ಗಿಸಿದಳು. "ನಿಂಗೆ ಗೊತ್ತಿಲ್ದೇ ಏನಿಲ್ಲ. ನನ್ನ ತಂಗಿ ಮೆಹೆಂದಿ. ನಂಗಿನ್ನೂ ಇಪ್ಪತ್ತು ತುಂಬಿರ್ಲಿಲ್ಲ. ಮಾಡು ಮಾಡು ಅಂದ್ರು ಎಲ್ರೂ. ಮಾವನ ಶೇರ್ವಾನಿ ಹಾಕ್ಕೊಂಡೆ, ಕಾಡಿಗೇಲಿ ಮೀಸೆ ಬರ್ಕೊಂಡೆ. ಅವ್ರು ಕುಂಟ್ತಾ ಬಂದು ಬಿರಿಯಾನಿ ಪಾತ್ರೆ ಮೂಸಿ ಬೈತಿದ್ರಲ್ಲ, ಹಂಗೇ ಮಾಡ್ದೆ. ಹೆಂಗಸ್ರು ನಕ್ಕೂ ನಕ್ಕೂ ಹೊರಳಾಡಿದ್ರು. ಮದ್ವೆಯಾದ ಹೊಸ್ತು, ಅವ್ರನ್ನ ಕಂಡ್ರೆ ನಡುಕ ನಂಗೆ. ಅದಕ್ಕೇ ಅಷ್ಟು ಚೆನ್ನಾಗಿ ಬಂತೋ ಏನೋ."

"ಹುಡುಗಾಟ ಆಪಾ ಅದು."

"ಆವಾಗ ಹುಡುಗಾಟ. ಈಗ ಆ ಕಾಲಿಗೆ ಎಣ್ಣೆ ತಿಕ್ಕೋಳು ನಾನೇ. ಬೇಟಿ ಅಂತ ಕರೀತಾರೆ ಫರ್ಹತ್. ನಮ್ಮಪ್ಪಾನೂ ನನ್ನ ಹಂಗೆ ಕರ್ದಿರ್ಲಿಲ್ಲ. ಅದು ಅವ್ರ ಕಣ್ಣಿಗೆ ಬಿದ್ರೆ ನಾನು ಆ ಮನೆಯಾಗೆ ಹೆಂಗಿರ್ಲಿ? ತಂದು ನನ್ನ ಕೈಗೆ ಕೊಡು. ಒಲೆಗೆ ಹಾಕ್ತೀನಿ. ಆಮೇಲೆ ಹಲೀಮಾ ಆಪಾಗೆ ಬಾಯ್ತುಂಬ ಮಾಫ್ ಅಂತೀನಿ, ಕ್ಷಮಿಸಿ ಕಳಿಸ್ತೀನಿ."

ಫರ್ಹತ್ ಉತ್ತರ ಹೇಳುವ ಮೊದಲೇ ಪರದೆ ಸರಿಸಿಕೊಂಡು ಮೊಳಕಾಲ್ಮೂರಿನ ದ್ಯಾಮಮ್ಮ ಒಳಗೆ ಬಂದಳು. ಮೊಮ್ಮಗ ಸಾಯಿಕುಮಾರ್ ಕಾರಿನಲ್ಲಿ ಕರೆತಂದಿದ್ದ. ಮುದುಕಿ ಹಲೀಮಾ ಬೀಯ ಕಾಲ ಬಳಿ ಮಲ್ಲಿಗೆ ಇಟ್ಟು, "ಹೇಳ್ದೇ ಹೋದ್ಯಲ್ಲೇ ಬೀಬಮ್ಮಾ" ಎಂದು ಹೋ ಎಂದು ಅತ್ತಳು. ಅತ್ತು ಹಗುರಾದ ಮೇಲೆ ಫರ್ಹತಳ ಇನ್ನೊಂದು ಪಕ್ಕಕ್ಕೆ ಬಂದು ಕೂತಳು.

"ಏನವ್ವಾ, ನಾನು ಬಂದಿದ್ದು ಹೆಣ ನೋಡಕ್ಕೆ ಅಷ್ಟೇ ಅಲ್ಲ. ಸುಳ್ಳು ಯಾಕೆ ಹೇಳ್ಲಿ? ನನ್ನ ಶೈಲಜಾನ ಸೀಮಂತ ಬೀಬಮ್ಮ ತೆಗ್ದಿದ್ಲಲ್ಲ. ಅದಾದ ತಿಂಗ್ಳಿಗೆ ಹೆರಿಗೆಯಾಗೆ ಕೂಸು ಉಳೀತು, ಮಗಳು ಹೋದ್ಲು. ಆಮೇಲೆ ಬೀಬಮ್ಮ ಎಷ್ಟು ಸಲ ತಂದು ತೋರ್ಸ್ತೀನಿ ಅಂದ್ಲು. ನಂಗೇ ಎದೆ ಇರ್ಲಿಲ್ಲ. ಈಗ ಕಣ್ಣು ಆಪರೇಷನ್ ಮಾಡ್ಸ್ಕಂಡು ಬಂದಿದೀನಿ. ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು. ಸಾಯಿಕುಮಾರ ಅವರಮ್ಮನ ದನೀನೇ ಕೇಳಿಲ್ಲ ಕಣವ್ವಾ. ಅದೇನೋ ಈಗ ಫೋನಿಗೆ ಹಾಕ್ಕೊಡ್ತಾರಂತಲ್ಲ, ಹಾಕ್ಸಿಕೊಡು."

ಎರಡೂ ಪಕ್ಕದಲ್ಲಿ ಕೂತ ಇಬ್ಬರೂ ಕೇಳುತ್ತಿರುವುದು ಒಂದೇ ಕ್ಯಾಸೆಟ್ಟನ್ನು ಎಂದು ಫರ್ಹತಳಿಗೆ ಮಾತ್ರ ಗೊತ್ತಿತ್ತು.

* * *

ಹೋದ ಬೇಸಿಗೆಯಲ್ಲಿ ಅತ್ತೆ ಸೊಸೆ ಬಾಗಿಲು ಹಾಕಿಕೊಂಡು ಆ ಟ್ರಂಕನ್ನು ಬಿಚ್ಚಿದ್ದರು. ಎಷ್ಟೋ ಕ್ಯಾಸೆಟ್ಟುಗಳ ರೀಲಿನ ಮೇಲೆ ಬಿಳಿ ಬೂಷ್ಟು ಕೂತಿತ್ತು. ವಿಸಿಆರಿಗೆ ಹಾಕಿದ ಒಂದು ಕ್ಯಾಸೆಟ್ಟು ಕರಕರ ಎಂದು ಒಳಗೇ ಸಿಕ್ಕಿ, ಎಳೆದಾಗ ರೀಲು ಮುದ್ದೆಯಾಗಿ ಬಂತು. ಯಾರದೋ ಮದುವೆ ಅಲ್ಲಿಗೆ ಮುಗಿಯಿತು. ಹಲೀಮಾ ಬೀ ಆ ಮುದ್ದೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು.

"ಕಂಪ್ಯೂಟರಿಗೆ ಹಾಕ್ಕೊಂಡು ಬಿಡೋಣ ಅಮ್ಮೀ. ಅದಕ್ಕೊಂದು ವೈರ್ ಬರ್ತೈತಂತೆ. ನಾನೇ ಕಲ್ತು ಮನೇಲೇ ಮಾಡ್ತೀನಿ" ಎಂದಿದ್ದಳು ಫರ್ಹತ್.

"ಹಾಕ್ಬಹುದು. ಆಮೇಲೆ ಯಾವ ಬಾಗ್ಲು ಹಾಕ್ತೀಯ? ಇದನ್ನ ಕದೀಬೇಕಂದ್ರೆ ಟ್ರಂಕ್ ಎತ್ಬೇಕು. ಅದನ್ನ ಕದಿಯಾಕೆ ಬೆರಳು ಸಾಕು."

"ಹಂಗಂತ ಬೂಷ್ಟಿಗೆ ಬಿಡ್ತೀರಾ?"

ಹಲೀಮಾ ಬೀ ದಿನಾ ಬೆಳಿಗ್ಗೆ ಹಾಕಿಸೋಣ ಎನ್ನುವಳು, ಸಂಜೆ ಬೇಡ ಎನ್ನುವಳು. ಕೊನೆಗೆ ಎರಡು ದಾರದ ಕ್ಯಾಸೆಟ್ಟನ್ನು ಕೈಗೆತ್ತಿಕೊಂಡು ಹೇಳಿದಳು: "ಇದೊಂದನ್ನ ಮಾಡು. ದ್ಯಾಮಮ್ಮಂಗೆ ಮಗಳು ಬೇಕು. ಆದ್ರೆ ನೀನೇ ಕೂತು ಮಾಡ್ಬೇಕು. ಶೈಲಜಾ ಆರತಿ ಮುಗ್ದು ನಗ್ತಾಳೆ, ಅಲ್ಲಿಗೆ ನಿಲ್ಸು. ಆಚೆಗೆ ಶಮಾ ಬರ್ತಾಳೆ. ಎಲ್ಲಿ ನಿಲ್ಸ್ಬೇಕು ಅಂತ ನಮ್ಮಿಬ್ರಿಗಷ್ಟೇ ಗೊತ್ತು." ಆ ವೈರು ತರಿಸುವ ಮೊದಲೇ ಅವಳು ಹಾಸಿಗೆ ಹಿಡಿದಳು.

* * *

ಹಲೀಮಾ ಬೀಯನ್ನು ಮಲಗಿಸಿದ ಜನಾಜಾ ಎತ್ತುವ ಹೊತ್ತಾಯಿತು. ಇಫ್ತಿಕಾರ್ ಹೊಸಿಲ ಮೇಲೆ ನಿಂತು, ಒಳಗೂ ಹೊರಗೂ ಕೇಳುವಂತೆ, ಒಡೆದ ದನಿಯಲ್ಲಿ ಹೇಳಿದ:

"ನಮ್ಮ ಅಮ್ಮಿಯಿಂದ ಯಾರಿಗಾದ್ರೂ ನೋವಾಗಿದ್ರೆ, ಯಾರದಾದ್ರೂ ವಸ್ತು ಅವಳ ಹತ್ರ ಉಳಿದಿದ್ರೆ ಈಗ್ಲೇ ಹೇಳ್ರಿ, ಅದಕ್ಕೆ ನಾನು ಜವಾಬ್ದಾರಿ. ಇಲ್ಲಾಂದ್ರೆ ಮಾಫ್ ಮಾಡಿ ಕಳಿಸ್ರಿ."

"ಮಾಫ್ ಕಿಯಾ", ಕ್ಷಮಿಸಿದೆ, ಎಂದು ಶಾಮಿಯಾನದಿಂದ ಮೊದಲು ಕೇಳಿದ್ದು ಬಾಬಾ ಜಾನ್ ಸಾಹೇಬರ ದನಿ. ಆಮೇಲೆ ಉಳಿದವರದು. ಒಳಗೆ ಹೆಂಗಸರು ಒಬ್ಬೊಬ್ಬರಾಗಿ ಅದನ್ನೇ ಹೇಳಿದರು. ದ್ಯಾಮಮ್ಮ "ನಂದೇನೂ ಇಲ್ಲವ್ವ, ಸುಖವಾಗಿ ಹೋಗು" ಎಂದಳು. ಶಮಾ ತುಟಿ ಬಿಗಿಹಿಡಿದು ಫರ್ಹತಳನ್ನೇ ನೋಡುತ್ತಿದ್ದಳು.

ಒಬ್ಬಳ ಮಾಫ್ ಬಾಕಿ ಇಟ್ಟುಕೊಂಡು ಅತ್ತೆ ಮಣ್ಣಿಗೆ ಹೋಗಬೇಕೇ? ನಿಜ ಹೇಳಿದರೆ ಶಮಾ ಇಲ್ಲೇ ಕುಸಿಯುತ್ತಾಳೆ. ಲೋಹಿತ ಒಳ್ಳೆಯವನೇ, ಸಂಜೆಗೆ ಕ್ಯಾಸೆಟ್ಟು ಬಂದೇ ಬರುತ್ತದೆ, ಆಗ ಸುಳ್ಳೂ ನಿಜವಾಗುತ್ತದೆ. ಫರ್ಹತ್ ಜನಾಜಾದ ಕಟ್ಟಿಗೆಯ ಮೇಲೆ ಕೈ ಇಟ್ಟಳು.

"ಜೋಪಾನ ಐತೆ ಆಪಾ. ಅಮ್ಮಿ ಮುಂದೆ ಹೇಳ್ತಿದೀನಿ. ಯಾರ ಕಣ್ಣಿಗೂ ಬಿದ್ದಿಲ್ಲ. ಸಂಜೆ ನಿಮ್ಮ ಕೈಗೇ ಕೊಡ್ತೀನಿ."

ಶಮಾಳ ಮುಖ ಸಡಿಲಾಯಿತು. "ಮಾಫ್ ಕಿಯಾ ಆಪಾ, ಮಾಫ್ ಕಿಯಾ" ಎಂದು ಆಗ ಅತ್ತಳು. ಗಂಡಸರು ಒಳಗೆ ಬಂದು ಹೆಗಲು ಕೊಟ್ಟರು. ಬಾಬಾ ಜಾನ್ ಸಾಹೇಬರೂ ಕುಂಟುತ್ತ ಹಿಂದೆ ನಡೆದರು.

ಬೀದಿ ಖಾಲಿಯಾದ ಸ್ವಲ್ಪ ಹೊತ್ತಿಗೆ ಬಾಗಿಲ ಮುಂದೆ ಬೈಕು ನಿಂತಿತು. ಲೋಹಿ‌ತ ಚಪ್ಪಲಿ ಬಿಟ್ಟು, ರಟ್ಟಿನ ಡಬ್ಬ ಎತ್ತಿಕೊಂಡು ಪರದೆಯ ಆಚೆ ನಿಂತ. ಫರ್ಹತ್ ಓಡಿಬಂದಳು. ಡಬ್ಬದಲ್ಲಿ ಎಲ್ಲ ಕ್ಯಾಸೆಟ್ಟುಗಳೂ ಇದ್ದವು, ಮೇಲುಗಡೆಯೇ ಎರಡು ದಾರದ್ದು. ಅವಳ ಹೋದ ಜೀವ ಬಂದಂತಾಯಿತು.

"ಕ್ಷಮಿಸ್ರಿ ಅಕ್ಕಾ, ಇಫ್ತಿಕಾರಣ್ಣ ಫೋನ್ ಮಾಡಿದ್ರು, ಎಡಿಟಿಂಗ್‌ನಾಗಿದ್ದೆ, ಎತ್ತಕ್ಕಾಗ್ಲಿಲ್ಲ. ಅಜ್ಜಿ ಮುಖ ನೋಡೋದೂ ತಪ್ಪೋಯ್ತು."

"ಎಂಥಾ ಎಡಿಟಿಂಗು?"

"ಶ್ರದ್ಧಾಂಜಲಿ ವಿಡಿಯೋ ಅಕ್ಕಾ. ಅಜ್ಜಿ ನಮ್ಮ ಲೈನಿಗೇ ಹಿರೇರು. ಬೇರೆಯೋರಿಗೆ ಮಾಡ್ದಂಗೆ ಒಂದು ಫೋಟೋ, ಒಂದು ದೀಪ ಹಾಕಿ ಕಳ್ಸಿದ್ರೆ ನಂಗೇ ಮರ್ಯಾದೆ ಅಲ್ಲ. ಅವ್ರೇ ತೆಗ್ದಿದ್ದನ್ನ ಹಾಕ್ದೆ." ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಎಲ್ಲಾ ಬೂಷ್ಟು ಹಿಡ್ದಿದ್ವು. ಇದೊಂದು ಭಾಳ ಚೆನ್ನಾಗಿತ್ತು. ಎರಡೆರಡು ದಾರ ಬೇರೆ ಕಟ್ಟಿದ್ರು. ಅಜ್ಜಿಗೆ ತುಂಬಾ ಬೇಕಾದ್ದು, ದರ್ಗಾಕ್ಕೆ ಹರಕೆ ಗಿರಕೆ ಮಾಡಿ ಕಟ್ಟಿರ್ಬೇಕು ಅನ್ಕಂಡು ಅದನ್ನೇ ತಗಂಡೆ. ಮೊದ್ಲು ಒಂದು ಸೀಮಂತ ಐತೆ. ಆಮೇಲೆ ಒಬ್ಬ ಹೆಣ್ಮಗಳು ಗಂಡಸಿನ ವೇಷ ಹಾಕ್ಕಂಡು..."

"ಯಾರಿಗಾದ್ರೂ ಕಳ್ಸಿದೀಯಾ?"

"ಎಲ್ಲಾ ಗ್ರೂಪಿಗೂ ಹಾಕೀನಿ ಅಕ್ಕಾ. ಪೇಟೆ ವ್ಯಾಪಾರಸ್ಥರದ್ದು, ನಮ್ಮ ಫೋಟೋಗ್ರಾಫರ್ಸ್‌ದು, ಮೊಳಕಾಲ್ಮೂರಿನದು. ಆಗ್ಲೇ ಎಷ್ಟು ಜನ ಕೈ ಮುಗ್ದಿರೋದು ಹಾಕಿದಾರೆ!"

"ಅಳ್ಸು. ಈಗ್ಲೇ ಅಳ್ಸು ಲೋಹಿತಾ, ನಿನ್ನ ಕಾಲಿಗೆ ಬೀಳ್ತೀನಿ."

ಏನಾಯಿತೆಂದು ತಿಳಿಯದಿದ್ದರೂ ಅವಳ ದನಿಗೆ ಹೆದರಿ ಅವನು ಫೋನ್ ತೆಗೆದು ಒಂದೊಂದನ್ನೇ ಅಳಿಸತೊಡಗಿದ. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತಿದ. "ನಾನು ಹಾಕಿದ್ದು ಹೋತು. ಮುಂದಕ್ಕೆ ಕಳ್ಸಿದೋರದ್ದು ನನ್ನ ಕೈಯಾಗಿಲ್ಲ ಅಕ್ಕಾ."

* * *

ಗಂಡಸರು ಗೋರಿಸ್ಥಾನದಿಂದ ಹಿಂದಿರುಗಿ, ನಲ್ಲಿಯಲ್ಲಿ ಕೈಯ ಮಣ್ಣು ತೊಳೆದು, ಶಾಮಿಯಾನದಡಿ ಕೂತರು. ನಮಾಜಿಗೆಂದು ಬಾಯಿ ಮುಚ್ಚಿಸಿದ್ದ ಫೋನುಗಳು ಒಂದೊಂದಾಗಿ ಜೇಬಿನಿಂದ ಹೊರಬಂದವು. ಫರ್ಹತ್ ಅದನ್ನು ಪರದೆಯ ಸಂದಿಯಿಂದ ನೋಡಿದಳು. ಶಮಾಗೆ ಈಗಲೇ ಹೇಳಬೇಕು ಎಂದುಕೊಂಡು ಒಳಗೆ ಬಂದಳು.

ಪಕ್ಕದ ಮನೆಯವರು ತಂದ ಅನ್ನವನ್ನು ಶಮಾ ನೆಮ್ಮದಿಯಾಗಿ ಉಣ್ಣುತ್ತಿದ್ದಳು. "ನೀನು ಮಾತು ಕೊಟ್ಮೇಲೆ ಗಂಟಲಾಗೆ ತುತ್ತು ಇಳೀತು ನೋಡು" ಎಂದಳು. ಫರ್ಹತ್ ಬಾಯಿ ತೆರೆದಳು. ಅಷ್ಟರಲ್ಲಿ ಪರದೆಯ ಆಚೆಯಿಂದ ಸಾಯಿಕುಮಾರ್ ತಮ್ಮ ಮನೆಯ ತೆಲುಗಿನಲ್ಲಿ, ಇದು ಅಮ್ಮನೇನಾ ಎಂದು ಅಜ್ಜಿಯನ್ನು ಕರೆಯುವುದು ಕೇಳಿತು.

"ಅಮ್ಮಮ್ಮಾ, ಇಟು ರಾ. ಇದಿ ಅಮ್ಮೇನಾ?"

ದ್ಯಾಮಮ್ಮ ಎದ್ದು ಹೋಗಿ, ಅವನ ಫೋನನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಬಂದಳು. ಕೂತಲ್ಲಿ ಕೂರಲಾಗದೆ ಎಲ್ಲರಿಗೂ ತೋರಿಸಿದಳು. "ನನ್ನ ಶೈಲಜಾ ಕಣ್ರೇ! ಹಸಿರು ಬಳೆ ನೋಡ್ರೇ!" ಫೋನಿನಲ್ಲಿ ತುಂಬಿದ ಬಸುರಿಯೊಬ್ಬಳು ಮುಖಕ್ಕೆ ಕೈ ಅಡ್ಡ ಹಿಡಿದು ನಗುತ್ತ, "ಸಾಕು ಬಿಡು ಬೀಬಮ್ಮಾ, ನಾಚ್ಕೆ ಆಗ್ತೈತೆ" ಎಂದಳು. ಮುದುಕಿ ಆ ಗಾಜಿಗೆ ಮುತ್ತಿಟ್ಟಳು. ಪರದೆಯ ಆಚೆ ಸಾಯಿಕುಮಾರ್ ಬಿಕ್ಕುವುದು ಕೇಳಿಸಿತು. ಅವನಿಗೆ ಸಿಗಬೇಕಾದದ್ದು ಸಿಕ್ಕಿತ್ತು.

ಶಮಾ ಕೈ ತೊಳೆದುಕೊಂಡು ಬಗ್ಗಿ ನೋಡಿದಳು. ಅವಳಿಗೂ ಕಣ್ಣು ತುಂಬಿ ಬಂತು. "ಎಷ್ಟು ಚೆಂದ ಇದ್ಲು ಹುಡುಗಿ! ನಮ್ಮ ಹಲೀಮಾ ಆಪಾ ತೆಗ್ದಿದ್ದಲ್ವಾ ಇದು?" ಎಂದವಳು ತಟ್ಟನೆ ನಿಂತಳು. ಮೆಲ್ಲಗೆ ತಿರುಗಿ ಫರ್ಹತಳನ್ನು ನೋಡಿದಳು.

"ಇದು ಫೋನಿಗೆ ಹೆಂಗ್ ಬಂತು?"

  ಹೊರಗೆ ಶಾಮಿಯಾನದಡಿ, ಯಾವುದೋ ಫೋನಿನಲ್ಲಿ ಢೋಲಕ್ ಶುರುವಾಯಿತು. ಅದರ ಹಿಂದೆಯೇ ಇನ್ನೊಂದರಲ್ಲಿ. ಆಗಿನ ಕಾಲದ ಹೆಂಗಸರೆಲ್ಲ ಕೂಡಿ ನಕ್ಕ ನಗು ಬಂತು. ಒಬ್ಬಿಬ್ಬರು ಗಂಡಸರೂ ಸಾವಿನ ಮನೆ ಎನ್ನುವುದನ್ನು ಮರೆತು ಕಿಸಕ್ಕೆಂದರು. ಆಮೇಲೆ ಆ ಕುಂಟು ಯಾರದೆಂದು ಹೊಳೆದು ಎಲ್ಲ ಸದ್ದೂ ಒಮ್ಮೆಲೇ ನಿಂತುಹೋಯಿತು.

ಶಮಾ ಪರದೆಯ ಅಂಚು ಹಿಡಿದು ನಿಂತಿದ್ದಳು. ಫರ್ಹತ್ ಅವಳ ಹೆಗಲ ಮೇಲಿಂದ ನೋಡಿದಳು. ಬಾಬಾ ಜಾನ್ ಸಾಹೇಬರು ಕನ್ನಡಕ ಹಣೆಗೇರಿಸಿ, ಪಕ್ಕದವನ ಫೋನನ್ನು ಕಣ್ಣಿನ ಹತ್ತಿರ ಹಿಡಿದಿದ್ದರು. ಕೊನೆಯವರೆಗೂ ನೋಡಿದರು. ನೋಡಿ, ಅದನ್ನು ಕೊಟ್ಟವನಿಗೇ ಮರಳಿಸಿದರು. ಯಾರೋ ಬಂದು, "ಏಳ್ರಿ ಸಾಹೇಬ್ರೇ, ಊಟಕ್ಕೆ" ಎಂದರು. ಸಾಹೇಬರು ಕುರ್ಚಿಯ ಕೈಗೆ ಕೈ ಊರಿ ಎದ್ದು ನಿಂತರು. ಎಡಗಾಲು ಎತ್ತಿಡಲು ಹೋದವರು ಸುತ್ತಲೂ ಕೂತಿದ್ದವರನ್ನು ಒಮ್ಮೆ ನೋಡಿ, ಹೆಜ್ಜೆ ಇಡದೆ, ಮತ್ತೆ ಅದೇ ಕುರ್ಚಿಯಲ್ಲಿ ಕೂತುಬಿಟ್ಟರು.